ಪುಟ ತಿರುಗಿಸುತ್ತ ಹಾಡೋಣ: ಚಿತ್ರಪುಸ್ತಕ ಮತ್ತು ಮನೆಯ ಸಾಮಾನುಗಳಿಂದ ಪುಟ್ಟ ಮಕ್ಕಳ ಸಂಗೀತ ಪಾಠ

ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಸಂಗೀತ ಹೇಳಿಕೊಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಕೊಪ್ಪಳದಲ್ಲಿ ಮನೆಯಲ್ಲೇ ಸಂಜೆ ಕ್ಲಾಸ್ ನಡೆಸುವವರಿರಬಹುದು. ಸಿಂಧನೂರಿನ ಅಂಗನವಾಡಿ ಕಾರ್ಯಕರ್ತೆಯೋ, ಬಳ್ಳಾರಿಯ ಶಾಲೆಯಲ್ಲಿ ನಲಿಕಲಿ ಮಕ್ಕಳ ಅಕ್ಕೋರೋ ಆಗಿರಬಹುದು. ಕಂಠ ಬಹಳ ಚೆನ್ನಾಗಿರಬೇಕು ಅಂತೇನಿಲ್ಲ. ಶ್ರುತಿ ಬಿಡದೆ ಐದು ಸ್ವರ ಹಾಡಿದರೆ ಸಾಕು.

ಇಷ್ಟು ಚಿಕ್ಕ ಮಕ್ಕಳನ್ನು ಸಾಲಾಗಿ ಕೂರಿಸಿ ಸರಿಗಮದ ಮೊದಲ ಅಭ್ಯಾಸವಾದ ಸರಳೆ ವರಸೆ ಹೇಳಿಸಿದರೆ ಹತ್ತು ನಿಮಿಷಕ್ಕೆ ಕಣ್ಣು ಕಿಟಕಿ ಕಡೆ ಹೋಗುತ್ತವೆ. ಅದೇ ಮಕ್ಕಳ ಮುಂದೆ ಒಂದು ದೊಡ್ಡ ಚಿತ್ರಪುಸ್ತಕ ಹಿಡಿದು ಹಾಡಿದರೆ ಮುಂದಿನ ಪುಟದಲ್ಲಿ ಏನಿದೆ ಎನ್ನುವ ಆಸೆಗೆ ಇಡೀ ಹಾಡು ಕೇಳುತ್ತಾರೆ. ಮೂರನೇ ಪುಟಕ್ಕೆ ತಾವೇ ಹಾಡುತ್ತಾರೆ. ಆದರೆ ಪುಸ್ತಕವನ್ನು ಓದಬಾರದು, ಮೊದಲಿನಿಂದ ಕೊನೆವರೆಗೆ ಹಾಡಬೇಕು. ಪುಟ ತಿರುಗಿಸುವ ಕೈ ತಾಳದಲ್ಲೇ ತಿರುಗಬೇಕು. ಮಕ್ಕಳ ಕೈಗೆ ಕೊಡುವ ಪ್ರತಿ ಸಾಮಾನೂ ಹಾಡಿನಲ್ಲಿರುವ ಒಂದು ವಿಷಯವನ್ನು ಕಿವಿಗೆ ಮುಟ್ಟಿಸಬೇಕು. ಇದಿಷ್ಟನ್ನು ಬಿಡದೆ ಪಾಲಿಸಿದರೆ ಉಳಿದದ್ದು ತಾನಾಗಿ ಬರುತ್ತದೆ.

ಇದು ನಮ್ಮ ಸೀಮೆಗೆ ಹೊಸದೇನಲ್ಲ. ಬುರ್ರಕಥೆಯಲ್ಲಿ ಒಬ್ಬರು ಕತೆ ಹಾಡುತ್ತಾರೆ, ಪಕ್ಕದವರು ಸೊಲ್ಲು ಹಿಡಿಯುತ್ತಾರೆ. ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮನವರು ಎಷ್ಟೊಂದು ಕಾವ್ಯಗಳನ್ನು ಬರೀ ನೆನಪಿನಿಂದಲೇ ಹಾಡುತ್ತಿದ್ದರು. ತೊಗಲುಗೊಂಬೆಯಾಟದಲ್ಲೂ ಅಷ್ಟೇ, ಚಿತ್ರ ಕುಣಿಯುವುದು ಹಾಡಿನ ಜೊತೆಗೇ. ಒಬ್ಬರು ಹಾಡುವುದು, ಎಲ್ಲರೂ ಸೊಲ್ಲು ಹಿಡಿಯುವುದು, ಕಣ್ಣಿಗೊಂದು ಚಿತ್ರ: ತರಗತಿಗೆ ಬೇಕಾಗಿರುವುದೂ ಇದೇ.

ಎಂಥ ಪುಸ್ತಕ ಬೇಕು

ಚೆಂದದ ಚಿತ್ರಪುಸ್ತಕವೆಲ್ಲ ಹಾಡಲು ಬರುವುದಿಲ್ಲ. ಪುಸ್ತಕ ಕೈಗೆ ಬಂದ ಕೂಡಲೇ ತೊಡೆ ತಟ್ಟುತ್ತ ಎರಡು ಪುಟ ಜೋರಾಗಿ ಹೇಳಿ ನೋಡಿ. ಮಾತು ತಟ್ಟಿಗೆ ಸರಿಯಾಗಿ ಕೂತರೆ ಇಟ್ಟುಕೊಳ್ಳಿ. ಎಳೆದಾಡಿ ಕೂರಿಸಬೇಕಾದರೆ ಅದು ಓದಲು ಒಳ್ಳೆಯ ಪುಸ್ತಕ, ಹಾಡಲು ಅಲ್ಲ. ಪುಟಕ್ಕೆ ಒಂದೋ ಎರಡೋ ಸಾಲು ಇರಬೇಕು. ಒಂದು ಸಾಲು ಪ್ರತಿ ಪುಟದಲ್ಲೂ ಮರಳಿ ಬರಬೇಕು. ಪ್ರತಿ ಪುಟದಲ್ಲಿ ಒಂದೇ ಒಂದು ವಿಷಯ ಬದಲಾಗಬೇಕು. ಆರರಿಂದ ಹನ್ನೆರಡು ಪುಟ ಸಾಕು, ಅದಕ್ಕಿಂತ ಜಾಸ್ತಿಯಾದರೆ ಕೊನೆಯ ಪುಟ ಬರುವಷ್ಟರಲ್ಲಿ ಅರ್ಧ ಮಕ್ಕಳು ಎದ್ದಿರುತ್ತಾರೆ. ಚಿತ್ರ ಕೊನೆಯ ಸಾಲಿನ ಮಗುವಿಗೂ ಕಾಣಬೇಕು.

ಕೊಳ್ಳಲೇಬೇಕು ಅಂತೇನಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅವು ಮುಕ್ತ ಪರವಾನಗಿಯವು. ಬರೆದವರ, ಚಿತ್ರ ಮಾಡಿದವರ ಹೆಸರು ಉಳಿಸಿಕೊಂಡು ನೀವು ಅಚ್ಚು ಹಾಕಿಸಬಹುದು, ಸಾಲುಗಳನ್ನು ತಾಳಕ್ಕೆ ಹೊಂದುವ ಹಾಗೆ ಬದಲಿಸಲೂಬಹುದು. ಆದರೂ ನನ್ನ ಅನುಭವದಲ್ಲಿ ಮಕ್ಕಳು ಹೆಚ್ಚು ಅಂಟಿಕೊಳ್ಳುವುದು ನಾವೇ ಮಾಡಿದ ಪುಸ್ತಕಕ್ಕೆ. ಅದರಲ್ಲಿ ಅವರ ಊರು, ಅವರ ಹೊಲ ಇರುತ್ತದೆ.

ಒಂದು ಪುಸ್ತಕ ಮಾಡೋಣ

ಹಳೆಯ ಗೋಡೆ ಕ್ಯಾಲೆಂಡರ್ ಹುಡುಕಿ. ಗೊಬ್ಬರದ ಅಂಗಡಿ, ಬಂಗಾರದ ಅಂಗಡಿಯವರು ಕೊಡುವ ದೊಡ್ಡದು, ಹಿಂಬದಿ ಖಾಲಿ ಇರುವಂಥದ್ದು. ಮೇಲಿನ ಪಟ್ಟಿ ಅಥವಾ ಸುರುಳಿ ತಂತಿ ಹಾಗೇ ಇರಲಿ, ಪುಟ ಸಲೀಸಾಗಿ ಮೇಲಕ್ಕೆ ಮಗುಚುತ್ತವೆ. ಹಿಂಬದಿಯ ಬಿಳಿ ಹಾಳೆಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಪುಟಕ್ಕೊಂದೇ ದೊಡ್ಡ ಚಿತ್ರ ಬರೆಯಿರಿ. ಚಿತ್ರ ಬರೆಯಲು ಬರದಿದ್ದರೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ.

ನಾನು ಬಳಸುವ ಹಾಡು ಇದು. ಜೋಳ ತೆನೆ ಬಿಟ್ಟಾಗ ಹಕ್ಕಿ ಕಾಯುವುದು ನಮ್ಮ ಮಕ್ಕಳಿಗೆ ಗೊತ್ತಿರುವ ವಿಷಯ.

ಜೋಳದ ಹೊಲದಲಿ ಯಾರಿದು ಯಾರು?
ಗಿಳಿಯಿದು ಗಿಳಿಯಿದು ಕೀ ಕೀ ಕೀ!

ಮುಂದಿನ ಪುಟಗಳಲ್ಲಿ ಮೊದಲ ಸಾಲು ಹಾಗೇ ಇರುತ್ತದೆ, ಉತ್ತರ ಮಾತ್ರ ಬದಲಾಗುತ್ತದೆ:

ಅಳಿಲಿದು ಅಳಿಲಿದು ಚಿಕ್ ಚಿಕ್ ಚಿಕ್!
ಗಾಳಿಯು ಗಾಳಿಯು ಸುಯ್ ಸುಯ್ ಸುಯ್!
ಕರಡಿಯು ಕರಡಿಯು ಧಂ ಧಂ ಧಂ!
ಅಜ್ಜನು ಅಜ್ಜನು ಹೋ ಹೋ ಹೋ!

ಕೊನೆಯ ಪುಟದಲ್ಲಿ ಬರೀ ಹೊಲ, ತೆನೆ, ಆಕಾಶ:

ಜೋಳದ ಹೊಲದಲಿ ಯಾರೂ ಇಲ್ಲ.

ಕರಡಿ ಯಾಕೆ ಬಂತು ಅಂತ ಯಾವ ಮಗುವೂ ಕೇಳುವುದಿಲ್ಲ. ದರೋಜಿಯ ಕರಡಿಧಾಮ ಇಲ್ಲೇ ಪಕ್ಕದಲ್ಲಿದೆ, ಕರಡಿ ಹೊಲಕ್ಕೆ ಬರುವುದು ಈ ಕಡೆಯವರಿಗೆ ಹೊಸ ಸುದ್ದಿಯೇ ಅಲ್ಲ.

ಮಾತ್ರೆ, ಅಂದರೆ ತಾಳದ ಎಣಿಕೆ, ಎಷ್ಟಿದೆ ಅಂತ ಎಣಿಸಿ ನೋಡಿ. ಜೋಳದ ನಾಲ್ಕು, ಹೊಲದಲಿ ನಾಲ್ಕು, ಯಾರಿದು ನಾಲ್ಕು, ಯಾರು ಮೂರು, ಆಮೇಲೆ ಒಂದು ಮಾತ್ರೆ ಉಸಿರು. ಉತ್ತರದ ಸಾಲಿನಲ್ಲಿ ಕೊನೆಯ ಕೂಗಾದ ಮೇಲೆ ಎರಡು ಮಾತ್ರೆ ಖಾಲಿ ಉಳಿಯುತ್ತದೆ. ಪುಟ ತಿರುಗಿಸಬೇಕಾದದ್ದು ಆ ಖಾಲಿ ಜಾಗದಲ್ಲೇ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಳ್ಳಿ, ಯಾಕೆಂದರೆ ಮಕ್ಕಳ ಮುಂದೆ ಹಾಳೆ ಅಂಟಿಕೊಂಡು ಬಿಡಿಸಲು ಹೋದರೆ ತಾಳ ನಿಲ್ಲುತ್ತದೆ, ತಾಳ ನಿಂತ ಕ್ಷಣ ಮಾತು ಶುರುವಾಗುತ್ತದೆ. ಪ್ರತಿ ಹಾಳೆಯ ಕೆಳತುದಿಗೆ ಒಂದು ಬಟ್ಟೆ ಚೂರು ಅಂಟಿಸಿದರೆ ಹಿಡಿಯಲು ಸುಲಭ.

ಧಾಟಿ ಮತ್ತು ಶ್ರುತಿ

ಚಿಕ್ಕ ಮಕ್ಕಳ ಗಂಟಲಿಗೆ ಸುಲಭವಾಗಿ ಹತ್ತುವುದು ಪಂಚಮದಿಂದ (ಪ) ಗಾಂಧಾರಕ್ಕೆ (ಗ) ಇಳಿಯುವ ಎರಡು ಸ್ವರ. ಬೀದಿಯಲ್ಲಿ ಆಡುವ ಮಕ್ಕಳು ಒಬ್ಬರನ್ನೊಬ್ಬರು ಕೂಗಿ ಕರೆಯುವುದನ್ನು ಕಿವಿಗೊಟ್ಟು ಕೇಳಿ, ಬಹಳ ಸಲ ಅದೇ ಇಳಿತ ಇರುತ್ತದೆ. ಅದಕ್ಕೇ ಈ ಹಾಡನ್ನು ಮೋಹನ ರಾಗದ, ಅಂದರೆ ಹಿಂದೂಸ್ತಾನಿಯವರ ಭೂಪದ ಸ್ವರಗಳಲ್ಲಿ ಹೀಗೆ ಕೂರಿಸಿದ್ದೇನೆ. ಅಲ್ಪವಿರಾಮ ಬಂದ ಕಡೆ ಒಂದು ಮಾತ್ರೆ ಎಳೆಯಿರಿ:

ಪ , ಗ ಗ | ಪ ಪ ಗ ಗ | ಪ , ದ ಪ | ಗ , ರಿ ,
ಗ ಗ ರಿ ರಿ | ಗ ಗ ರಿ ರಿ | ಸ , ಸ , | ಸ , , ,

ಪ್ರಶ್ನೆ ರಿಷಭದಲ್ಲಿ (ರಿ) ನೇತಾಡುತ್ತ ನಿಲ್ಲುತ್ತದೆ, ಉತ್ತರ ಷಡ್ಜಕ್ಕೆ (ಸ) ಬಂದು ಕೂರುತ್ತದೆ. ಮಧ್ಯಮ, ನಿಷಾದ ಇಲ್ಲದ್ದರಿಂದ ಮಗು ಒಂಚೂರು ಆಚೀಚೆ ಆದರೂ ಹಾಡು ಕೆಡುವುದಿಲ್ಲ.

ಶ್ರುತಿಯ ವಿಷಯದಲ್ಲಿ ದಯವಿಟ್ಟು ನಿಮ್ಮ ಗಂಟಲನ್ನು ಬದಿಗಿಟ್ಟು ಮಕ್ಕಳ ಗಂಟಲನ್ನು ನೋಡಿ. ಹಾರ್ಮೋನಿಯಂನ ನಡು ಸಪ್ತಕದ ಬಿಳಿ 1, ಅಂದರೆ ಮೊದಲ ಬಿಳಿ ಕೀಲಿಯನ್ನು ಷಡ್ಜ ಮಾಡಿಕೊಂಡರೆ ಹಾಡಿನ ಅತಿ ಎತ್ತರದ ಧೈವತ (ದ) ಬಿಳಿ 6ಕ್ಕೆ ಬರುತ್ತದೆ. ಇದು ಪುಟ್ಟವರಿಗೆ ಹಿತವಾದ ಜಾಗ. ಹೆಣ್ಣುಮಕ್ಕಳು ತಮ್ಮ ಅಭ್ಯಾಸದ ತಗ್ಗು ಶ್ರುತಿಯಲ್ಲಿ ಹಾಡಿಸಿದರೆ ಮಕ್ಕಳು ಗೊಣಗಿದ ಹಾಗೆ ಹಾಡುತ್ತಾರೆ, ಆಮೇಲೆ ಅವರಿಗೆ ಶ್ರುತಿಯೇ ಇಲ್ಲ ಅಂತ ನಾವೇ ಹೇಳುತ್ತೇವೆ. ಗಂಡಸರು ಹಾಡಿಸುವಾಗ ಮಕ್ಕಳು ಒಂದು ಸಪ್ತಕ ಮೇಲೆ ಹಿಡಿಯಬೇಕು. ಅದು ಕೆಲವರಿಗೆ ತಿಳಿಯುವುದಿಲ್ಲ. ಆಗ ಹಾರ್ಮೋನಿಯಂನಲ್ಲಿ ನಡು ಸಪ್ತಕದ ಸ್ವರ ನುಡಿಸಿ, ಅಥವಾ ಸರಿಯಾಗಿ ಹಿಡಿದ ಒಂದು ಮಗುವಿನಿಂದ ಮೊದಲು ಹಾಡಿಸಿ.

ಸಾಮಾನು ಸಂಗ್ರಹ

ನಾಲ್ಕು ಬಗೆ ಸಾಕು. ಇವೆಲ್ಲ ಮನೆಯಲ್ಲೋ ಸಂತೆಯಲ್ಲೋ ಸಿಗುವಂಥವು.

ಗಿಲಕಿ ಡಬ್ಬಿ: ಗುಳಿಗೆಯ ಖಾಲಿ ಡಬ್ಬಿಗಳನ್ನು ತೊಳೆದು ಒಣಗಿಸಿ. ಕೆಲವಕ್ಕೆ ಜೋಳ, ಕೆಲವಕ್ಕೆ ಹುಣಸೆ ಬೀಜ, ಕೆಲವಕ್ಕೆ ಮರಳು ಹಾಕಿ. ಕಾಲು ಭಾಗ ಮಾತ್ರ ತುಂಬಿ, ಜಾಸ್ತಿ ತುಂಬಿದರೆ ದನಿ ಸತ್ತುಹೋಗುತ್ತದೆ. ಮುಚ್ಚಳವನ್ನು ಗಟ್ಟಿ ಅಂಟಿನಿಂದ ಮುಚ್ಚಿ, ಮೇಲೆ ಟೇಪ್ ಸುತ್ತಿ. ಬೀಜ ಹೊರಬಂದು ಮೂಗಿಗೋ ಬಾಯಿಗೋ ಹೋದರೆ ಅಪಾಯ. ಮೂರು ವರ್ಷದೊಳಗಿನ ತಮ್ಮ ತಂಗಿಯರು ಜೊತೆಗೆ ಬಂದಿದ್ದರೆ ಇವನ್ನು ಹೊರಗೆ ತೆಗೆಯಲೇಬೇಡಿ.

ಬಟ್ಟೆ: ಹಳೆಯ ಓಢಣಿ ಅಥವಾ ತೆಳು ಸೀರೆಯಿಂದ ಒಂದೊಂದು ಮೊಳದ ಚೌಕಗಳು, ಮಗುವಿಗೊಂದು. ಇನ್ನೊಂದು ಇಡೀ ಸೀರೆ ಬೇರೆ ಇರಲಿ.

ಚೀಲ: ಅಂಗೈಯಗಲದ ಸಣ್ಣ ಚೀಲ ಹೊಲಿದು ಜೋಳ ತುಂಬಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ಬೇಕಾದಷ್ಟು ತುಂಡು ಬಟ್ಟೆ ಉಳಿಯುತ್ತದೆ, ಕೇಳಿ ತನ್ನಿ. ಆ ಬಟ್ಟೆ ಎಷ್ಟು ಎಸೆದರೂ ಹರಿಯುವುದಿಲ್ಲ.

ಗೊಂಬೆ: ಒಂದು ಸಾಕು. ಕೊಪ್ಪಳದಿಂದ ಕಿನ್ನಾಳ ಹತ್ತಿರವೇ ಇದೆ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಮಾಡುವ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಒಂದು ಗಿಳಿ ತಂದಿಟ್ಟುಕೊಳ್ಳಿ. ಇದು ಎಸೆಯುವ ಸಾಮಾನಲ್ಲ, ಅಕ್ಕೋರ ಕೈಯಲ್ಲಿರುವ ಗಿಳಿ. ಗಿಳಿ ಯಾರ ಕಡೆ ಮುಖ ಮಾಡಿತೋ ಅವರು ಹಾಡಬೇಕು ಎಂಬ ಒಂದೇ ನಿಯಮ ಇಟ್ಟರೆ ಹೆಸರು ಹಿಡಿದು ಕರೆಯುವ ಕೆಲಸ ತಪ್ಪುತ್ತದೆ. ನಾಚುವ ಮಗುವಿಗೂ ಅಕ್ಕೋರಿಗಿಂತ ಗಿಳಿಗೆ ಉತ್ತರ ಕೊಡುವುದು ಸುಲಭ.

ಎಲ್ಲವನ್ನೂ ಮುಚ್ಚಳವಿರುವ ಬುಟ್ಟಿಯಲ್ಲಿ ನಿಮ್ಮ ಬೆನ್ನ ಹಿಂದೆ ಇಡಿ. ಕಣ್ಣಿಗೆ ಬಿದ್ದರೆ ಹಾಡು ಯಾರಿಗೂ ಬೇಕಾಗುವುದಿಲ್ಲ.

ಮೊದಲ ದಿನ: ಬರೀ ಪುಸ್ತಕ

ಮಕ್ಕಳನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರಬಾರದು, ಚಿತ್ರ ಕಪ್ಪಾಗಿ ಕಾಣುತ್ತದೆ. ಪುಸ್ತಕದ ಬಗ್ಗೆ ಪೀಠಿಕೆ ಬೇಡ. “ಇವತ್ತು ನಾವು ಏನು ಕಲಿತೀವಿ ಅಂದ್ರ...” ಅನ್ನುವುದೂ ಬೇಡ. ಷಡ್ಜ ಹಿಡಿದು, ನಾಲ್ಕು ಸಲ ತೊಡೆ ತಟ್ಟಿ, ಹಾಡಲು ಶುರು ಮಾಡಿ. ಮೊದಲಿನಿಂದ ಕೊನೆವರೆಗೆ, ನಡುವೆ ಒಂದೂ ಮಾತಿಲ್ಲದೆ.

ಯಾರಾದರೂ “ಅಕ್ಕೋರ, ನಮ್ಮ ಹೊಲದಾಗೂ ಗಿಳಿ ಬರ್ತಾವ್ರಿ!” ಅನ್ನುತ್ತಾರೆ. ತಲೆಯಾಡಿಸಿ, ನಗಿ, ಹಾಡು ಮಾತ್ರ ಬಿಡಬೇಡಿ. ಮುಗಿದ ಮೇಲೆ ಆ ಮಗುವಿನ ಮಾತನ್ನು ಪೂರ್ತಿ ಕೇಳಿ.

ಎರಡನೇ ಸಲ ಹಾಡುವಾಗ ಕೀ ಕೀ ಕೀ, ಧಂ ಧಂ ಧಂ ಬರುವಲ್ಲಿ ಮಕ್ಕಳ ಕಡೆ ಕೈ ತೋರಿಸಿ. ಅಷ್ಟೇ ಅವರ ಪಾಲು. ಮೂರನೇ ಸಲ ಉತ್ತರದ ಇಡೀ ಸಾಲು ಅವರದು, ಪ್ರಶ್ನೆ ನಿಮ್ಮದು. ಮೊದಲ ದಿನ ಇಲ್ಲಿಗೆ ನಿಲ್ಲಿಸಿ. ಮಕ್ಕಳು “ಇನ್ನೊಂದ್ ಸಲ ಹಾಡ್ರಿ” ಅನ್ನುವಾಗ ಪುಸ್ತಕ ಮುಚ್ಚಿದರೆ ಮುಂದಿನ ಪಾಠ ಅರ್ಧ ಮುಗಿದ ಹಾಗೆ.

ಬಾಯಿ ತೆರೆಯದ ಮಗು ಇದ್ದೇ ಇರುತ್ತದೆ. ಒತ್ತಾಯ ಮಾಡಬೇಡಿ. ಒಬ್ಬ ಹುಡುಗ ವಾರಗಟ್ಟಲೆ ಮೊಣಕಾಲು ತಬ್ಬಿಕೊಂಡು ಸುಮ್ನೆ ಕೂರುತ್ತಿದ್ದ. ಕರಡಿ ಪುಟ ಬಂದಾಗ ಮಾತ್ರ ಹಿಮ್ಮಡಿ ನೆಲಕ್ಕೆ ಮೂರು ಸಲ ಬಡಿಯುತ್ತಿದ್ದ, ಒಂದು ಸಲವೂ ತಾಳ ತಪ್ಪದೆ. ಅವನ ಪಾಠ ಆಗಲೇ ನಡೆದಿತ್ತು. ಆ ಬಡಿತವನ್ನೇ ಎಲ್ಲರಿಗೂ ಕರಡಿಯ ಹೆಜ್ಜೆ ಮಾಡಿಸಿದೆ. ಹಾಡಲು ಶುರು ಮಾಡಿದಾಗಲೂ ಅವನು ಮೊದಲು ಹಾಡಿದ್ದು ಕರಡಿಯ ಸಾಲನ್ನೇ.

ಎರಡನೇ ಪಾಠದಿಂದ: ಒಂದು ಪಾಠಕ್ಕೆ ಒಂದೇ ಸಾಮಾನು

ಇಲ್ಲಿ ಬಹಳ ಮಂದಿ ಆತುರ ಪಡುತ್ತಾರೆ. ಒಂದೇ ದಿನ ಡಬ್ಬಿ, ಬಟ್ಟೆ, ಗೆಜ್ಜೆ ಎಲ್ಲ ಕೊಟ್ಟರೆ ಸಂತೆ ಆಗುತ್ತದೆ. ಮೊದಲು ಈ ದಿನ ಯಾವ ವಿಷಯ ಎಂದು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕ ಸಾಮಾನು.

ತಾಳದ ದಿನ ಚೀಲ. ಎಲ್ಲರೂ ವೃತ್ತದಲ್ಲಿ ಕೂತು ಪ್ರತಿ ನಾಲ್ಕು ಮಾತ್ರೆಗೆ ಒಂದು ಸಲ ಚೀಲವನ್ನು ಬಲಗಡೆಯವರ ಮುಂದೆ ಇಡಬೇಕು. ಜೋಳದ, ಇಡು. ಹೊಲದಲಿ, ಇಡು. ಮೊದಲು ಒಂದೇ ಚೀಲ, ಆಮೇಲೆ ಮೂರು, ಕೊನೆಗೆ ಎಲ್ಲರ ಮುಂದೊಂದು. ತಾಳ ಓಡತೊಡಗಿದರೆ ಚೀಲಗಳು ಒಬ್ಬರ ಮುಂದೆ ಗುಡ್ಡೆ ಬೀಳುತ್ತವೆ. ತಪ್ಪನ್ನು ನೀವು ಹೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ಸ್ವರದ ಏರಿಳಿತದ ದಿನ ಬಟ್ಟೆ ಚೌಕ. ಪಂಚಮಕ್ಕೆ ಹಣೆಯ ಮಟ್ಟ, ಗಾಂಧಾರಕ್ಕೆ ಎದೆ, ರಿಷಭಕ್ಕೆ ಹೊಟ್ಟೆ, ಷಡ್ಜಕ್ಕೆ ನೆಲ. ಧೈವತ ಬಂದಾಗ ಕೈ ನೆತ್ತಿಯ ಮೇಲೆ. ಮೊದಲು ಮಾತು ಹಾಡುತ್ತ ಬಟ್ಟೆ ಆಡಿಸಲಿ. ಕೈ ಹಾದಿ ಹಿಡಿದ ಮೇಲೆ ಮಾತು ಬಿಟ್ಟು ಸ್ವರದ ಹೆಸರನ್ನೇ ಹಾಡಿಸಿ. ಸರಿಗಮ ಆಗ ಬಾಯಿಪಾಠವಾಗಿ ಬರುವುದಿಲ್ಲ. ಈಗಾಗಲೇ ಗೊತ್ತಿರುವ ಹಾಡಿನ ಹೆಸರಾಗಿ ಬರುತ್ತದೆ. ವರಸೆ, ಅಲಂಕಾರಗಳಂಥ ಅಭ್ಯಾಸಗಳಿಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ನಾದದ ಬಗೆ ತಿಳಿಸುವ ದಿನ ಡಬ್ಬಿ. ಉದಾಹರಣೆಗೆ ಗಾಳಿ ಪುಟಕ್ಕೆ ಮರಳು ಡಬ್ಬಿ, ಅಳಿಲಿಗೆ ಜೋಳದ ಡಬ್ಬಿ, ಕರಡಿಗೆ ಹುಣಸೆ ಬೀಜ. ಯಾವುದು ಯಾರಿಗೆ ಅಂತ ಮಕ್ಕಳೇ ಕೇಳಿ ನೋಡಿ ನಿರ್ಧರಿಸಲಿ. ಅವರು ಗಿಳಿಗೆ ಮರಳು ಅಂದರೆ ಗಿಳಿಗೆ ಮರಳೇ ಸರಿ. ತನ್ನ ಪುಟ ಬರುವವರೆಗೆ ಡಬ್ಬಿಯನ್ನು ಮಡಿಲಲ್ಲಿ ಮಲಗಿಸಿಡುವುದೂ ಪಾಠವೇ.

ಜೋರಾಗಿ, ಮೆತ್ತಗೆ ಹಾಡುವುದನ್ನು ಕಲಿಸುವ ದಿನ ಇಡೀ ಸೀರೆ. ಸುತ್ತ ನಿಂತು ಅಂಚು ಹಿಡಿಯಲಿ. ಮೆತ್ತಗೆ ಹಾಡಿದಾಗ ಸೀರೆ ನೆಲದ ಹತ್ತಿರ ಅಲುಗಬೇಕು, ದನಿ ಏರಿದಂತೆ ಮೇಲೇಳಬೇಕು. ಅಜ್ಜನ ‘ಹೋ ಹೋ ಹೋ’ಗೆ ಸೀರೆ ತಲೆಯ ಮೇಲೆ ಉಬ್ಬಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಈ ಆಟ ಬಹಳ ಕೆಲಸಕ್ಕೆ ಬರುತ್ತದೆ, ಎಲ್ಲರಿಗೂ ಗಾಳಿ ಸಿಗುತ್ತದೆ.

ಸಾಮಾನು ಹಂಚುವುದು, ಮರಳಿ ತೆಗೆದುಕೊಳ್ಳುವುದು ಎರಡೂ ಹಾಡಿನಲ್ಲೇ ಆಗಲಿ. ಅದೇ ಧಾಟಿಯಲ್ಲಿ “ಬುಟ್ಟಿಯ ಒಳಗಡೆ ಹಾಕಿರಿ ಬೇಗ” ಅಂತ ಹಾಡಿ. ಮಾತಿನಲ್ಲಿ ಹೇಳಿದರೆ ಗದ್ದಲ, ಹಾಡಿನಲ್ಲಿ ಹೇಳಿದರೆ ಕೆಲಸ.

ಹಾಡನ್ನು ಒಳಗೇ ಹಾಡುವುದು

ಹಾಡು ಗಟ್ಟಿಯಾದ ಮೇಲೆ ಒಂದು ಪುಟದ ಮೇಲೆ ಬಿಳಿ ಹಾಳೆ ಸಿಕ್ಕಿಸಿ. ಆ ಪುಟ ಬಂದಾಗ ಯಾರೂ ದನಿ ಮಾಡಬಾರದು, ಮನಸ್ಸಿನಲ್ಲೇ ಹಾಡಬೇಕು, ಮುಂದಿನ ಪುಟಕ್ಕೆ ಎಲ್ಲರೂ ಒಟ್ಟಿಗೆ ಸರಿಯಾದ ಸ್ವರದಲ್ಲಿ ಸೇರಬೇಕು. ಮೊದಲು ನಿಮ್ಮ ಕೈ ತಾಳ ಹಾಕುತ್ತಿರಲಿ, ಆಮೇಲೆ ಅದನ್ನೂ ನಿಲ್ಲಿಸಿ. ನಾನು ಮಕ್ಕಳ ಪ್ರಗತಿ ನೋಡುವುದು ಇದೊಂದರಲ್ಲೇ. ಎರಡು ಸಾಲಿನ ದನಿಯಿಲ್ಲದ ಮೂವತ್ತೆರಡು ಮಾತ್ರೆ ದಾಟಿ ಸರಿಯಾಗಿ ಪಂಚಮಕ್ಕೆ ಬಂದರು ಅಂದರೆ ಹಾಡು ಒಳಗೆ ಇಳಿದಿದೆ.

ನೆರಳಾಟವನ್ನೂ ಇದೇ ಹಂತದಲ್ಲಿ ತರಬಹುದು. ಬಾಗಿಲಿಗೆ ಬಿಳಿ ಪಂಚೆ ಕಟ್ಟಿ, ಹಿಂದೆ ಒಂದು ದೀಪ ಇಟ್ಟು, ರಟ್ಟಿನಲ್ಲಿ ಕತ್ತರಿಸಿದ ಗಿಳಿ, ಕರಡಿಯನ್ನು ಕಡ್ಡಿಗೆ ಅಂಟಿಸಿ ಆಡಿಸಿ. ಬಲ್ಬಿನ ಬಳಿ ಮಕ್ಕಳು ಹೋಗದಂತೆ ನೋಡಿಕೊಳ್ಳಿ. ಈಗ ಪುಸ್ತಕವೇ ಬೇಡ. ಬೆಳಗಲ್ಲು ವೀರಣ್ಣನವರಂಥ ತೊಗಲುಗೊಂಬೆ ಕಲಾವಿದರು ಬಳ್ಳಾರಿಯವರು ಅಂತ ಮಕ್ಕಳಿಗೆ ಹೇಳಲು, ಅವರ ಫೋಟೋ ತೋರಿಸಲು ಇದು ಸರಿಯಾದ ಹೊತ್ತು.

ಬೇರೆ ಮಾತಿನ ಮಕ್ಕಳು

ಬಳ್ಳಾರಿ, ರಾಯಚೂರಿನ ತರಗತಿಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ಇರುತ್ತಾರೆ. ಚಿತ್ರ ಇದ್ದರೆ ಅವರಿಗೆ ಅರ್ಥ ಹೇಳಬೇಕಾಗಿಲ್ಲ. “ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?” ಅಂತ ಕೇಳಿ, ಆ ಮಾತನ್ನು ಹಾಡಿಗೆ ಸೇರಿಸಿ. “ತೋತಾ ತೋತಾ ಕೀ ಕೀ ಕೀ”, “ಚಿಲುಕಾ ಚಿಲುಕಾ ಕೀ ಕೀ ಕೀ”: ಎರಡೂ ನಾಲ್ಕು ನಾಲ್ಕು ಮಾತ್ರೆ, ಸರಾಗ ಕೂರುತ್ತವೆ. ಇಡೀ ತರಗತಿ ತನ್ನ ಮನೆಮಾತಿನಲ್ಲಿ ಹಾಡುವುದನ್ನು ಕೇಳಿದ ಮಗು ಮರುದಿನ ಮುಂದಿನ ಸಾಲಿನಲ್ಲಿ ಕೂರುತ್ತದೆ.

ಮುಂದಿನ ಪುಸ್ತಕ: ಬಸ್ಸಿನ ಬೋರ್ಡು

ನಾಲ್ಕು ಮಾತ್ರೆಯ ನಡೆ ಬಂದ ಮೇಲೆ ಮೂರು, ಐದು, ಏಳಕ್ಕೆ ಹೋಗಬೇಕಲ್ವಾ? ಅದಕ್ಕೆ ನಮ್ಮ ಊರ ಹೆಸರುಗಳೇ ಇವೆ. ಮಸ್ಕಿ, ಮಾನ್ವಿ, ಹುಲಿಗಿ, ಕಂಪ್ಲಿ ಎಲ್ಲ ಮೂರು ಮಾತ್ರೆ, ಬಾಯಿತಾಳದಲ್ಲಿ ಹೇಳಿದರೆ: ತಕಿಟ. ಕೊಪ್ಪಳ, ಕುಷ್ಟಗಿ ನಾಲ್ಕು: ತಕಧಿಮಿ. ಕುಕನೂರು, ಸಿರುಗುಪ್ಪ ಐದು, ಎರಡಕ್ಕೆ ಮೂರು ಸೇರಿದ್ದು: ತಕ ತಕಿಟ. ಲಿಂಗಸುಗೂರು ಏಳು, ಅದೂ ‘ಲಿಂಗ’ ಮೂರು, ‘ಸುಗೂರು’ ನಾಲ್ಕು, ಸರಿಯಾಗಿ ಏಳು ಮಾತ್ರೆಯ ಮಿಶ್ರಛಾಪು ತಾಳದ ನಡೆ. ನಾಲ್ಕು ಸಲ ಬಿಡದೆ “ಲಿಂಗಸುಗೂರು” ಅಂತ ಚಪ್ಪಾಳೆ ತಟ್ಟಿ ಹೇಳಿ ನೋಡಿ, ಕಂಡಕ್ಟರ್ ಕೂಗೇ ತಾಳವಾಗುತ್ತದೆ.

ಪುಸ್ತಕ ಹೀಗಿರಲಿ. ಪ್ರತಿ ಪುಟವೂ ಒಂದು ಬಸ್ಸಿನ ಮುಖ, ಮೇಲೆ ದೊಡ್ಡ ಬೋರ್ಡು. ಮೂರರ ನಡೆಯಿಂದ ಶುರು ಮಾಡಿ:

ಬಸ್ಸು ಬಂತು ಬಸ್ಸು ಬಂತು
ಹುಲಿಗಿ ಬಂತು ಇಳಿರಿ!

‘ಇಳಿರಿ’ ಆದ ಮೇಲೆ ಮೂರು ಮಾತ್ರೆ ಖಾಲಿ. ಪುಟ ತಿರುಗಿಸಲು ನಿಮಗೆ, ಚಪ್ಪಾಳೆ ಹೊಡೆಯಲು ಮಕ್ಕಳಿಗೆ. ಮುಂದಿನ ಪುಟದಲ್ಲಿ ಮಸ್ಕಿ, ಅದರ ಮುಂದೆ ಮಾನ್ವಿ. ಐದು, ಏಳರ ಊರುಗಳನ್ನು ಈ ಸಾಲಿಗೆ ತುರುಕಬೇಡಿ. ಅವಕ್ಕೆ ಬೇರೆ ಪುಟಗಳು, ಅಲ್ಲಿ ಊರ ಹೆಸರೊಂದನ್ನೇ ತಟ್ಟಿಸಿ.

ಸಾಮಾನು ಇಲ್ಲಿ ರಟ್ಟಿನ ಬೋರ್ಡುಗಳು. ಪ್ರತಿ ಮಗು ತನ್ನ ಅಜ್ಜಿಯ ಊರನ್ನೋ ಸೋದರಮಾವನ ಊರನ್ನೋ ಬರೆಸಿಕೊಂಡು ಬರಲಿ. ಬಂದ ಮೇಲೆ ತರಗತಿಯಲ್ಲಿ ಆ ಹೆಸರನ್ನು ತಟ್ಟಿ, ಎಷ್ಟು ಮಾತ್ರೆ ಅಂತ ಎಣಿಸಿ, ಮೂರರದ್ದನ್ನು ಒಂದು ಕಡೆ, ನಾಲ್ಕರದ್ದನ್ನು ಇನ್ನೊಂದು ಕಡೆ ಜೋಡಿಸಲಿ. ಜಗಳ ಬರುತ್ತದೆ. “ಗಂಗಾವತಿ ಐದು!” “ಇಲ್ರೀ ಅಕ್ಕೋರ, ಆರು!” ಉತ್ತರ ನೀವು ಹೇಳಬೇಡಿ. ಚೀಲ ಕೊಟ್ಟು, ಮಾತ್ರೆಗೊಂದರಂತೆ ನೆಲಕ್ಕೆ ಇಡಿಸಿ.